ದೊಡ್ಡ ನಗರಕ್ಕೆ ಹೋಗುವ ಮುನ್ನ ಯಾರ ಮಾತು ಕೇಳಬೇಕು?

ದೊಡ್ಡ ನಗರದಲ್ಲಿ ಕೆಲಸ ಸಿಕ್ಕಿದೆ. ಅಥವಾ ಮಕ್ಕಳ ಓದಿಗಾಗಿ ಅಲ್ಲಿಗೆ ಮನೆ ಬದಲಿಸುವ ಯೋಚನೆ ಇದೆ. ಹೋಗುವುದಾ, ಬಿಡುವುದಾ ಅಂತ ನಾಲ್ಕು ಜನರನ್ನು ಕೇಳುತ್ತೀರಿ. ಅಲ್ಲೇ ಹುಟ್ಟಿ ಬೆಳೆದವರು ‘ಈ ಊರು ಬಿಟ್ಟು ಬೇರೆ ಕಡೆ ಇರೋಕೇ ಆಗಲ್ಲ’ ಅನ್ನುತ್ತಾರೆ. ಎರಡು ದಿನ ಹೋಗಿ ಬಂದವರು ‘ಆ ಗದ್ದಲದಲ್ಲಿ ಜನ ಹೇಗೆ ಬದುಕುತ್ತಾರೋ’ ಅನ್ನುತ್ತಾರೆ. ಬಿಟ್ಟು ಬಂದವರ ಹತ್ತಿರ ಕೂತರೆ ಇನ್ನೊಂದೇ ಕಥೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ರ‍್ಯಾಂಕ್ ಪಟ್ಟಿಗಳು. ಎಲ್ಲ ಕೇಳಿಸಿಕೊಂಡ ಮೇಲೆ ತಲೆ ಇನ್ನಷ್ಟು ಕೆಡುತ್ತದೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ನಿಂತ ಜಾಗದಿಂದ ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತದೆ. ಹಾಗಾಗಿ ಇಲ್ಲಿ ನಾನು ನಗರಗಳನ್ನು ಹೋಲಿಸುತ್ತಿಲ್ಲ. ನಗರದ ಬಗ್ಗೆ ಹೇಳುವವರನ್ನು ಹೋಲಿಸುತ್ತಿದ್ದೇನೆ. ಯಾರ ಮಾತು ಯಾವ ಪ್ರಶ್ನೆಗೆ ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ತೂಗಿ ನೋಡುವುದು ಹೇಗೆ

ಯಾರೇ ಹೇಳಿದರೂ ನಾನು ಐದು ವಿಷಯ ನೋಡುತ್ತೇನೆ. ಅಲ್ಲಿನ ಮಾಮೂಲಿ ದಿನ ಅವರಿಗೆ ಗೊತ್ತಿದೆಯಾ? ಅವರು ಹೇಳುತ್ತಿರುವುದು ಈಗಿನದಾ, ಹಳೆಯದಾ? ಅವರ ದುಡಿಮೆ, ಸಂಸಾರ, ವಯಸ್ಸು ನಿಮ್ಮದಕ್ಕೆ ಹತ್ತಿರ ಇದೆಯಾ? ತಾವು ಮಾಡಿದ್ದೇ ಸರಿ ಅಂತ ತೋರಿಸಿಕೊಳ್ಳಬೇಕಾದ ಒತ್ತಡ ಅವರಿಗಿದೆಯಾ? ಕೊನೆಯದಾಗಿ, ಆ ಮಾಹಿತಿ ಪಡೆಯಲು ನಿಮಗೆ ಎಷ್ಟು ದುಡ್ಡು, ಎಷ್ಟು ಸಮಯ ಹಿಡಿಯುತ್ತದೆ?

ಐದರಲ್ಲಿ ಮೊದಲನೆಯದಕ್ಕೇ ನಾನು ಜಾಸ್ತಿ ತೂಕ ಕೊಡುವುದು. ಅದಕ್ಕೆ ಕಾರಣ ಇದೆ. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಎಂಬ ಸಂಶೋಧಕರು 1998ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೆಯ ಹವೆಗೆ ಹೆಸರಾದ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ, ಚಳಿ ಜಾಸ್ತಿ ಇರುವ ಮಧ್ಯಪಶ್ಚಿಮ ರಾಜ್ಯಗಳ ವಿದ್ಯಾರ್ಥಿಗಳನ್ನೂ ಅವರು ಮಾತಾಡಿಸಿದ್ದರು. ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ ಅಂತ ಕೇಳಿದಾಗ ಎರಡೂ ಕಡೆಯ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ನಿಮ್ಮಂಥವರೇ ಇನ್ನೊಂದು ಕಡೆ ಇದ್ದರೆ ಹೇಗಿರುತ್ತಾರೆ ಅಂತ ಕೇಳಿದಾಗ, ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖವಾಗಿರುತ್ತಾರೆ ಅಂತ ಎರಡೂ ಕಡೆಯವರು ಊಹಿಸಿದರು. ಎರಡು ಜಾಗ ಹೋಲಿಸುವಾಗ ಕಣ್ಣು ವ್ಯತ್ಯಾಸದ ಮೇಲೇ ಹೋಗುತ್ತದೆ. ಇಲ್ಲಿ ಕಣ್ಣಿಗೆ ಬಿದ್ದದ್ದು ಹವೆ. ಆದರೆ ಅಲ್ಲೇ ಇರುವವರು ದಿನವಿಡೀ ಹವೆಯ ಬಗ್ಗೆ ಯೋಚಿಸುತ್ತ ಕೂರುವುದಿಲ್ಲ. ಅವರ ದಿನ ತುಂಬಿರುವುದು ಓದು, ಕೆಲಸ, ಸ್ನೇಹಿತರು, ನಿದ್ದೆ, ಮನೆಯವರ ಜೊತೆಗಿನ ಜಗಳ, ರಾಜಿಗಳಿಂದ.

ನಗರದ ವಿಷಯದಲ್ಲೂ ಹೀಗೇ ಆಗುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ನಗರ ಮಾತ್ರ ಕೆಲವರಿಗೆ ದೂರದಿಂದ ಇರುವುದಕ್ಕಿಂತ ನುಣ್ಣಗೆ, ಕೆಲವರಿಗೆ ಇರುವುದಕ್ಕಿಂತ ಒರಟಾಗಿ ಕಾಣುತ್ತದೆ.

ಹೊರಗಿನಿಂದ ನೋಡಿದವರು

ಅಲ್ಲಿ ಇರದೆ ಮಾತಾಡುವವರ ಬಳಿ ಇರುವುದು ಸುದ್ದಿ. ಸುದ್ದಿಯಾಗುವುದು ಅಪರೂಪದ ಘಟನೆ. ಅದೇ ನಗರದ ಮುಖ ಅಂತ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 1964ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. ‘38 ಜನ ನೋಡುತ್ತಿದ್ದರು, ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ’ ಎಂಬ ಅರ್ಥದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆಯಿತು. ನಗರದ ಜನ ಕಲ್ಲುಹೃದಯದವರು ಎಂಬ ಮಾತಿಗೆ ಮುಂದೆ ಎಷ್ಟೋ ವರ್ಷ ಇದೇ ಸಾಕ್ಷಿಯಾಯಿತು. ಪಠ್ಯಪುಸ್ತಕಗಳಿಗೂ ಹೋಯಿತು. ಆಮೇಲೆ ದಾಖಲೆಗಳನ್ನು ತೆಗೆದು ನೋಡಿದ ಸಂಶೋಧಕರು 2007ರಲ್ಲಿ, 38 ಜನ ನಿಂತು ನೋಡಿದರು ಅನ್ನುವುದಕ್ಕೆ ಆಧಾರವೇ ಇಲ್ಲ ಅಂದರು. ಆ ವರದಿಯಲ್ಲಿ ದೋಷಗಳಿದ್ದವು ಎಂದು 2016ರಲ್ಲಿ ಪತ್ರಿಕೆಯೇ ಬರೆಯಿತು. ಇಷ್ಟೆಲ್ಲದರ ನಡುವೆ ಮರೆಯಾಗಿದ್ದ ಒಂದು ಸಂಗತಿ ಇದೆ. ಕಿಟ್ಟಿ ಇದ್ದ ಕಟ್ಟಡದಲ್ಲೇ ಇದ್ದ ಒಬ್ಬ ಮಹಿಳೆ ಆ ರಾತ್ರಿ ಓಡಿಬಂದು, ಪ್ರಾಣ ಹೋಗುತ್ತಿದ್ದ ಆಕೆಯನ್ನು ತೋಳಿನಲ್ಲಿ ಹಿಡಿದು ಕೂತಿದ್ದರು. ಕೊಲೆಗಾರ ಇನ್ನೂ ಅಲ್ಲೇ ಇದ್ದಾನೋ ಏನೋ ಅಂತ ಅವರಿಗೆ ಗೊತ್ತಿರಲಿಲ್ಲ.

ಹಾಗಂತ ಹೊರಗಿನವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ರಾಬರ್ಟ್ ಲೆವಿನ್ ಮತ್ತು ಜೊತೆಗಾರರು ಅಮೆರಿಕದ 36 ನಗರಗಳಲ್ಲಿ ಅಪರಿಚಿತರಿಗೆ ಜನ ಎಷ್ಟು ನೆರವಾಗುತ್ತಾರೆ ಅಂತ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ್ದರು. ಜನ ಹೆಚ್ಚು ಒತ್ತಾಗಿ ಬದುಕುವ ನಗರಗಳಲ್ಲಿ ಈ ನೆರವು ಕಡಿಮೆ ಇತ್ತು. ಇದರ ಕಾರಣವನ್ನು ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞ 1970ರಲ್ಲೇ ಸೊಗಸಾಗಿ ವಿವರಿಸಿದ್ದರು. ನಗರದಲ್ಲಿ ಒಂದು ದಿನಕ್ಕೆ ಎದುರಾಗುವ ಮುಖ, ಸದ್ದು, ಬೇಡಿಕೆಗಳು ಒಬ್ಬ ಮನುಷ್ಯ ತಾಳಿಕೊಳ್ಳುವುದಕ್ಕಿಂತ ಜಾಸ್ತಿ. ಎಲ್ಲಕ್ಕೂ ಸ್ಪಂದಿಸುತ್ತ ಹೋದರೆ ಆಫೀಸು ಮುಟ್ಟುವುದೇ ಇಲ್ಲ. ಅದಕ್ಕೇ ಜನ ಸೋಸಿಕೊಳ್ಳಲು ಕಲಿಯುತ್ತಾರೆ. ಹೊರಗಿನವರಿಗೆ ಅದು ಸೊಕ್ಕಿನಂತೆ ಕಾಣುತ್ತದೆ.

ಎರಡು ದಿನಕ್ಕೆ ಹೋಗಿ ಬಂದವರದು ಸ್ವಲ್ಪ ಬೇರೆ. ಅವರು ನೋಡಿದ್ದು ನಿಲ್ದಾಣ, ದೊಡ್ಡ ರಸ್ತೆ, ಹೆಸರಾದ ಜಾಗಗಳು. ಕೈಯಲ್ಲಿ ಲಗೇಜು, ತಲೆಯಲ್ಲಿ ಗಡಿಬಿಡಿ. ಮನೆಗಳ ನಡುವಿನ ಸಣ್ಣ ರಸ್ತೆ ಸಂಜೆ ಏಳಕ್ಕೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಆದರೂ ಒಂದು ಪ್ರಶ್ನೆಗೆ ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಗಾಳಿ ಹೇಗಿದೆ, ಸದ್ದು ಎಷ್ಟು, ನೀರಿನ ರುಚಿ ಹೇಗೆ ಅನ್ನುವುದನ್ನು ಅವರನ್ನೇ ಕೇಳಿ. ಅಲ್ಲೇ ಇರುವವರಿಗೆ ಇವು ಗಮನಕ್ಕೆ ಬರುವುದು ನಿಂತುಹೋಗಿರುತ್ತದೆ.

ಅಲ್ಲೇ ಹುಟ್ಟಿ ಬೆಳೆದವರು

ಲಂಡನ್ನಿನ ಜನಕ್ಕೆ ಹೊಗೆಮಂಜು ಮಾಮೂಲಾಗಿತ್ತು. 1952ರ ಡಿಸೆಂಬರ್‌ನಲ್ಲಿ ಅದು ಐದು ದಿನ ನಗರದ ಮೇಲೆ ಕವಿದು ಕೂತಿತು. ಈ ಸಲದ್ದು ಸ್ವಲ್ಪ ದಟ್ಟ ಅಂದುಕೊಂಡು ಎಷ್ಟೋ ಜನ ತಮ್ಮ ಪಾಡಿಗೆ ಕೆಲಸಕ್ಕೆ ಹೋದರು. ಸಾವಿರಾರು ಜನ ಸತ್ತಿದ್ದಾರೆ ಅಂತ ತಿಳಿದದ್ದು ಆಮೇಲೆ, ಸಾವಿನ ಲೆಕ್ಕ ಕೈಗೆ ಬಂದಾಗ. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ರೂಢಿ ಅನ್ನುವುದು ಇಷ್ಟು ಬಲವಾದದ್ದು. ಹಳಬರು ‘ಅಷ್ಟೇನೂ ಇಲ್ಲ ಬಿಡಿ’ ಅಂದಾಗ ಇದನ್ನು ನೆನಪಿಡಿ.

ಹಳಬರದು ಇನ್ನೊಂದು ಮಿತಿ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರಲ್ಲಿ ಹಲವರಿಗೆ ಸ್ವಂತ ಮನೆ ಇರುತ್ತದೆ, ಇಲ್ಲವೇ ಬಹಳ ಹಿಂದೆ ಹಿಡಿದ ಬಾಡಿಗೆ ಮನೆ. ಹುಷಾರಿಲ್ಲದಿದ್ದರೆ ಬರಲು ಅಣ್ಣ ತಮ್ಮಂದಿರಿದ್ದಾರೆ. ಪರಿಚಯದ ಡಾಕ್ಟರು, ಮೇಷ್ಟ್ರು, ಮೆಕ್ಯಾನಿಕ್ ಇದ್ದಾರೆ. ನೀವು ಸೊನ್ನೆಯಿಂದ ಶುರು ಮಾಡಬೇಕು. ‘ಖರ್ಚು ಅಷ್ಟೇನೂ ಆಗಲ್ಲ’ ಅಂತ ಅವರು ಹೇಳಿದರೆ ಆ ಮಾತು ಅವರ ಮಟ್ಟಿಗೆ ನಿಜ, ನಿಮ್ಮ ಮಟ್ಟಿಗೆ ಅಲ್ಲ.

ಆದರೆ ಜಾಗದ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಜೋರು ಮಳೆ ಬಂದರೆ ಯಾವ ಬೀದಿಯಲ್ಲಿ ನೀರು ನಿಲ್ಲುತ್ತದೆ, ಯಾವ ಕಡೆ ಬೇಸಿಗೆಯಲ್ಲಿ ನೀರಿಗೆ ತತ್ವಾರ, ಯಾವ ಶಾಲೆಗೆ ಹೆಸರಿಗಿಂತ ಪಾಠ ಒಳ್ಳೆಯದು, ಎಲ್ಲಿ ರಾತ್ರಿ ಒಬ್ಬರೇ ನಡೆದು ಬರಬಹುದು. ಇವನ್ನೆಲ್ಲ ಬೀದಿಯ ಹೆಸರು ಹಿಡಿದು ಹೇಳುತ್ತಾರೆ. ಅಪರಾಧದ ಬಗ್ಗೆಯೂ ಅವರ ಮಾತಿಗೆ ಬೆಲೆ ಇದೆ. ಗ್ಯಾಲಪ್ ಸಂಸ್ಥೆ ಅಮೆರಿಕದಲ್ಲಿ ಹಲವು ವರ್ಷಗಳಿಂದ ನಡೆಸುತ್ತ ಬಂದಿರುವ ಸಮೀಕ್ಷೆಗಳಲ್ಲಿ, ದೇಶದಲ್ಲಿ ಅಪರಾಧ ಜಾಸ್ತಿಯಾಗಿದೆ ಅನ್ನುವವರಿಗಿಂತ ನಮ್ಮ ಸುತ್ತಮುತ್ತ ಜಾಸ್ತಿಯಾಗಿದೆ ಅನ್ನುವವರು ಯಾವಾಗಲೂ ಎಂಬಂತೆ ಕಡಿಮೆ. ದೂರದ್ದು ಸುದ್ದಿಯಿಂದ ಗೊತ್ತು, ಹತ್ತಿರದ್ದು ಓಡಾಡಿ ಗೊತ್ತು. ಹಾಗಾಗಿ ಹಳಬರಿಗೆ ‘ಊರು ಹೇಗಿದೆ’ ಅಂತ ಕೇಳಬೇಡಿ. ‘ಇಂಥ ಬೀದಿಯಲ್ಲಿ ಮನೆ ಹಿಡಿಯಬಹುದಾ’ ಅಂತ ಕೇಳಿ.

ಈಚೆಗೆ ಹೋಗಿ ನೆಲೆಸಿದವರು

ನನ್ನ ಮಟ್ಟಿಗೆ ಎಲ್ಲರಿಗಿಂತ ಹೆಚ್ಚು ತೂಕ ಇವರ ಮಾತಿಗೆ. ಎರಡು ಮೂರು ವರ್ಷದ ಹಿಂದೆ ಹೋದವರು, ನಿಮ್ಮಷ್ಟೇ ದುಡಿಯುವವರು, ನಿಮ್ಮಂಥದ್ದೇ ಸಂಸಾರ ಇರುವವರು. ಹಳೆಯ ಬದುಕು ಇವರಿಗೆ ಇನ್ನೂ ನೆನಪಿದೆ, ಹೊಸದು ರೂಢಿಯಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲರು. ಹೋಗಿ ಎರಡೇ ತಿಂಗಳಾದವರು ಬೇಡ. ಅವರಿಗೆ ಹೊಸತರ ಸಂಭ್ರಮ ಇರುತ್ತದೆ, ಇಲ್ಲವೇ ಮನೆಯ ನೆನಪು ಕಾಡುತ್ತಿರುತ್ತದೆ.

ಇವರನ್ನೂ ಸುಮ್ನೆ ‘ಹೇಗಿದೆ ಲೈಫು’ ಅಂತ ಕೇಳಿದರೆ ಪ್ರಯೋಜನ ಇಲ್ಲ. ‘ಚೆನ್ನಾಗಿದೆ’ ಅಂತಾರೆ. ಹೋಗಿದ್ದು ತಪ್ಪಾಯಿತು ಅಂತ ಒಪ್ಪಿಕೊಳ್ಳುವುದು ಯಾರಿಗೂ ಸುಲಭ ಅಲ್ಲ. ಬದಲಿಗೆ ಒಂದು ದಿನದ ಲೆಕ್ಕ ಕೇಳಿ. ‘ಹೋದ ಮಂಗಳವಾರ ಬೆಳಗ್ಗೆಯಿಂದ ಏನೇನು ಮಾಡಿದ್ರಿ?’ ಅನ್ನಿ. ಮಂಗಳವಾರ ಯಾಕೆ ಅಂದರೆ ಅದರಲ್ಲಿ ಯಾವ ವಿಶೇಷವೂ ಇರುವುದಿಲ್ಲ.

ಉತ್ತರ ಹೀಗೆ ಬರಬಹುದು. ‘ಆರಕ್ಕೆ ಎದ್ದೆ. ಏಳೂ ನಲವತ್ತರ ಬಸ್ಸು. ಕೂರೋಕೆ ಜಾಗ ಇರಲಿಲ್ಲ. ಇಳಿದು ರೈಲು ಹಿಡಿದೆ. ಆಫೀಸು ಮುಟ್ಟಿದಾಗ ಒಂಬತ್ತೂ ಕಾಲು. ಸಂಜೆ ಆರೂವರೆಗೆ ಬಿಟ್ಟೆ. ಮನೆಗೆ ಬಂದಾಗ ಎಂಟು ದಾಟಿತ್ತು. ಮಗು ಮಲಗೋಕೆ ಹೊರಟಿತ್ತು. ಊಟ ಮಾಡಿ ಸ್ವಲ್ಪ ಹೊತ್ತು ಫೋನ್ ನೋಡಿದೆ, ಮಲಗಿದೆ.’ ಈ ಮಾತಿನಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಆದರೆ ಓಡಾಟಕ್ಕೆ ಮೂರು ಗಂಟೆ, ಸಂಜೆ ಎಚ್ಚರವಾಗಿರುವ ಮಗುವಿನ ಜೊತೆ ಅರ್ಧ ಗಂಟೆಯೂ ಇಲ್ಲ ಅನ್ನುವುದು ತಾನಾಗಿ ಗೊತ್ತಾಯಿತು ಅಲ್ವಾ? ಆಮೇಲೆ ಕೇಳಬೇಕಾದ್ದು ಮೂರೇ. ಸಂಬಳದಲ್ಲಿ ಎಷ್ಟು ಪಾಲು ಬಾಡಿಗೆಗೆ ಹೋಗುತ್ತದೆ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ? ಹೋದ ಭಾನುವಾರ ಯಾರ ಜೊತೆ ಮಾತಾಡಿದ್ರಿ?

ಓಡಾಟದ ಸಮಯಕ್ಕೆ ನಾನು ಇಷ್ಟು ಒತ್ತು ಕೊಡುವುದು ಸುಮ್ಮನೆ ಅಲ್ಲ. ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಮಾಹಿತಿ ಇಟ್ಟುಕೊಂಡು 2008ರಲ್ಲಿ ಒಂದು ವಿಷಯ ತೋರಿಸಿದರು. ಕೆಲಸಕ್ಕೆ ಹೋಗಿ ಬರಲು ಹೆಚ್ಚು ಸಮಯ ಕಳೆಯುವವರಲ್ಲಿ ಬದುಕಿನ ತೃಪ್ತಿ ಕಡಿಮೆ ಇತ್ತು. ಒಳ್ಳೆಯ ಸಂಬಳವೋ ದೊಡ್ಡ ಮನೆಯೋ ಅದನ್ನು ತುಂಬಿಕೊಡಬೇಕಿತ್ತು. ತುಂಬಿಕೊಟ್ಟಿರಲಿಲ್ಲ. ಹೊರಡುವ ಮುನ್ನ ಜನ ಲೆಕ್ಕ ಹಾಕುವುದು ಸಂಬಳ ಮತ್ತು ಬಾಡಿಗೆ ಮಾತ್ರ. ದಾರಿಯ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ವಿಷಯವೂ ಇವರಿಂದಲೇ ತಿಳಿಯಬೇಕು. ನಗರದಲ್ಲಿ ಯಾರೂ ಯಾರಿಗೂ ಗೊತ್ತಿಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಮಿಲ್‌ಗ್ರಾಮ್ ಮತ್ತು ಅವರ ವಿದ್ಯಾರ್ಥಿಗಳು 1970ರ ದಶಕದ ಆರಂಭದಲ್ಲಿ ರೈಲು ನಿಲ್ದಾಣದಲ್ಲಿ ಕಾಯುವವರ ಫೋಟೋ ತೆಗೆದು ಅದೇ ಜನಕ್ಕೆ ತೋರಿಸಿದರು. ಎಂದೂ ಮಾತಾಡಿಸದಿದ್ದರೂ ದಿನಾ ನೋಡಿ ಗುರುತಾದ ಮುಖಗಳು ಬಹುತೇಕ ಎಲ್ಲರಿಗೂ ಇದ್ದವು. ಮಾತಿಲ್ಲದ ಈ ಪರಿಚಯ ಹೊರಗಿನವರ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಅಲ್ಲಿರುವವರಿಗೆ ಅದು ಎಷ್ಟೋ ಧೈರ್ಯ ಕೊಡುತ್ತದೆ.

ಬಿಟ್ಟು ಬಂದವರು

ಇವರ ಮಾತು ಕಹಿಯಾಗಿರುತ್ತದೆ ಅಂತ ಬಿಡಬೇಡಿ. ಉಳಿದವರನ್ನು ಮಾತ್ರ ಕೇಳಿದರೆ, ಊರು ಹೊಂದಿಕೆಯಾದವರ ಮಾತು ಮಾತ್ರ ಕೇಳಿದಂತಾಗುತ್ತದೆ. ಹೊಂದದವರು ಆಗಲೇ ಹೊರಟುಹೋಗಿರುತ್ತಾರೆ. ಬಿಟ್ಟು ಬಂದವರಿಗೆ ಒಂದೇ ಪ್ರಶ್ನೆ ಸಾಕು: ‘ಏನಿದ್ದಿದ್ದರೆ ಅಲ್ಲೇ ಉಳಿಯುತ್ತಿದ್ರಿ?’ ಬಾಡಿಗೆ ಅಂದರೆ ನಿಮ್ಮ ಸಂಬಳ ನೋಡಿಕೊಳ್ಳಿ. ಅಪ್ಪ ಅಮ್ಮನ ಆರೋಗ್ಯ ಅಂದರೆ ಅದು ನಗರದ ತಪ್ಪಲ್ಲ.

ರ‍್ಯಾಂಕ್ ಪಟ್ಟಿಗಳು

ವಾಸಯೋಗ್ಯ ನಗರಗಳ ಪಟ್ಟಿಗಳಲ್ಲಿ ಹೆಚ್ಚು ಹೆಸರಾದದ್ದು ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಎಂಬ ಸಂಶೋಧನಾ ಸಂಸ್ಥೆಯದು. 2022ರಿಂದ 2024ರವರೆಗೆ ಮೂರು ವರ್ಷವೂ ವಿಯೆನ್ನಾ ಅದರಲ್ಲಿ ಮೊದಲು ನಿಂತಿತು. ಅದು ನೋಡುವುದು ಐದು ವಿಭಾಗ: ಸ್ಥಿರತೆ, ಆರೋಗ್ಯ ಸೇವೆ, ಸಂಸ್ಕೃತಿ ಮತ್ತು ಪರಿಸರ, ಶಿಕ್ಷಣ, ಮೂಲಸೌಕರ್ಯ. ಜೀವನವೆಚ್ಚ ಇದರಲ್ಲಿ ಸೇರಿಲ್ಲ. ಅದಕ್ಕೆ ಅವರದೇ ಬೇರೆ ಸಮೀಕ್ಷೆ ಇದೆ. ಕಂಪನಿಗಳು ಹೊರದೇಶಕ್ಕೆ ಕಳಿಸುವ ಸಿಬ್ಬಂದಿಗೆ ಕಷ್ಟಭತ್ಯೆ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕಲು ಇಂಥ ಪಟ್ಟಿಗಳನ್ನು ಬಳಸುತ್ತವೆ. ಅಂದರೆ ಬಾಡಿಗೆಯ ಚಿಂತೆ ಅಷ್ಟಾಗಿ ಇಲ್ಲದವರ ಕಣ್ಣಿನಿಂದ ನೋಡಿದ ನಗರ ಅದು. ದೇಶ ಬಿಟ್ಟು ಹೋಗುವವರಿಗೆ, ಅದೂ ಎರಡು ಮೂರು ನಗರಗಳ ನಡುವೆ ಆರಿಸಬೇಕಾದವರಿಗೆ, ಆರೋಗ್ಯ ಸೇವೆ, ಶಾಲೆಗಳ ಬಗ್ಗೆ ಒಂದು ಅಂದಾಜು ಸಿಗುತ್ತದೆ. ಒಂದೇ ನಗರಕ್ಕೆ ಹೋಗಬೇಕಾ ಬೇಡವಾ ಅನ್ನುವವರಿಗೆ ಇದರಿಂದ ಹೆಚ್ಚು ಉಪಯೋಗ ಇಲ್ಲ. ನಗರದ ಸರಾಸರಿಯಲ್ಲಿ ಯಾರೂ ವಾಸ ಮಾಡುವುದಿಲ್ಲ. ನೀವು ಇರುವುದು ಒಂದು ಬೀದಿಯಲ್ಲಿ.

ನೀವೇ ಹೋಗಿ ಇದ್ದು ನೋಡುವುದು

ದುಬಾರಿ ದಾರಿ ಇದೇ. ನಂಬಿಕೆಗೆ ಯೋಗ್ಯವಾದದ್ದೂ ಇದೇ, ಆದರೆ ಸರಿಯಾಗಿ ಮಾಡಿದರೆ ಮಾತ್ರ. ರಜೆ ಹಾಕಿ, ಊರ ನಡುವಿನ ಹೋಟೆಲ್‌ನಲ್ಲಿ ಇದ್ದು ಬಂದರೆ ನೀವು ಪ್ರವಾಸಿ ಆಗಿಯೇ ಉಳಿಯುತ್ತೀರಿ. ಮುಂದೆ ಮನೆ ಹಿಡಿಯಬಹುದಾದ ಕಡೆಯೇ ಒಂದು ಕೋಣೆ ಬಾಡಿಗೆಗೆ ಹಿಡಿಯಿರಿ. ಕೆಲಸದ ಜಾಗಕ್ಕೆ ಜನದಟ್ಟಣೆಯ ಹೊತ್ತಿನಲ್ಲೇ ಹೋಗಿ ಬನ್ನಿ. ಒಂದು ದಿನ ಅಲ್ಲ, ವಾರದ ಐದೂ ದಿನ. ಸಾಧ್ಯವಾದರೆ ಹವೆ ಕೆಟ್ಟಿರುವ ಕಾಲದಲ್ಲೇ ಹೋಗಿ. ಭಾನುವಾರ ಸಂಜೆ ಯಾವ ಕಾರ್ಯಕ್ರಮವೂ ಇಟ್ಟುಕೊಳ್ಳದೆ ಸುಮ್ನೆ ಕೋಣೆಯಲ್ಲಿರಿ. ಒಂಟಿತನ ನಿಮ್ಮನ್ನು ಎಷ್ಟು ಕಾಡುತ್ತದೆ ಅಂತ ಆ ಸಂಜೆ ಗೊತ್ತಾಗುತ್ತದೆ.

ಮೊದಲ ವಾರದ ಅನಿಸಿಕೆಯನ್ನು ಪೂರ್ತಿ ನಂಬಬೇಡಿ. ಮೂರನೇ ವಾರದಲ್ಲಿ ನಿಮಗೆ ಯಾವುದು ಕಿರಿಕಿರಿ ಅನಿಸುತ್ತದೋ ಅದು ಮುಂದೆಯೂ ಜೊತೆಗಿರುವ ಸಾಧ್ಯತೆ ಹೆಚ್ಚು.

ಯಾರಿಗೆ ಯಾವ ದಾರಿ

ಒಬ್ಬರೇ ಇದ್ದೀರಿ, ಇಪ್ಪತ್ತರ ಆಚೀಚೆಯ ವಯಸ್ಸು, ಕೈಯಲ್ಲಿ ದುಡ್ಡು ಕಡಿಮೆ ಅಂದರೆ ಬಹಳ ವಿಚಾರಿಸುತ್ತ ಕೂರಬೇಡಿ. ಈಚೆಗೆ ಹೋದ ಇಬ್ಬರ ಹತ್ತಿರ ಮಂಗಳವಾರದ ಲೆಕ್ಕ ಕೇಳಿ, ಹೊರಡಿ. ನಿಮಗೆ ವಾಪಸ್ ಬರುವುದು ಸುಲಭ. ಮನೆ ಹಿಡಿಯುವಾಗ ಮಾತ್ರ ಕೋಣೆ ಚಿಕ್ಕದಾದರೂ ಕೆಲಸಕ್ಕೆ ಹತ್ತಿರ ಇರಲಿ. ದೂರದ ದೊಡ್ಡ ಕೋಣೆಯಲ್ಲಿ ಬಾಡಿಗೆ ಉಳಿಯಬಹುದು, ಆದರೆ ಸಂಜೆ ಹೋಗುತ್ತದೆ. ಹೊಸ ಊರಿನಲ್ಲಿ ಸ್ನೇಹ ಆಗುವುದು ಸಂಜೆಯ ಹೊತ್ತಿನಲ್ಲೇ.

ಮಕ್ಕಳಿದ್ದರೆ ತಪ್ಪು ನಿರ್ಧಾರಕ್ಕೆ ಜಾಸ್ತಿ ಬೆಲೆ ತೆರಬೇಕಾಗುತ್ತದೆ. ಶಾಲೆ ಮತ್ತೆ ಮತ್ತೆ ಬದಲಿಸಲಾಗದು. ನಿಮಗೆ ಹಳಬರೂ ಬೇಕು, ಹೊಸಬರೂ ಬೇಕು. ಬೀದಿ, ಶಾಲೆಗೆ ಹಳಬರು. ಖರ್ಚು, ಸಮಯಕ್ಕೆ ಹೊಸಬರು. ಇದ್ದು ನೋಡಲು ಮನೆಯವರೆಲ್ಲ ಹೋಗಲು ಆಗದಿದ್ದರೆ ಒಬ್ಬರು ಮೊದಲು ಹೋಗಿ ಕೆಲವು ತಿಂಗಳು ಇರುವುದು ಒಳ್ಳೆಯದು. ಎರಡು ಮನೆಯ ಖರ್ಚು ಬೀಳುತ್ತದೆ ನಿಜ, ಆದರೆ ಎಲ್ಲರೂ ಹೋಗಿ ಎಲ್ಲರೂ ಹಿಂದಿರುಗುವ ಖರ್ಚಿಗಿಂತ ಅದು ಕಡಿಮೆಯೇ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಆಸ್ಪತ್ರೆ ಎಷ್ಟು ದೊಡ್ಡದು ಅಂತ ನೋಡುತ್ತಾರೆ. ಅದಕ್ಕಿಂತ ಮೊದಲು ಮನೆಯಿಂದ ಇಳಿದು ನೂರು ಹೆಜ್ಜೆ ನಡೆಯಲು ಜಾಗ ಇದೆಯಾ, ಕೂತು ಮಾತಾಡಲು ಅವರ ವಯಸ್ಸಿನವರು ಇದ್ದಾರಾ ಅಂತ ನೋಡಿ. ಆಸ್ಪತ್ರೆ ಬೇಕಾಗುವುದು ಯಾವಾಗಲೋ ಒಮ್ಮೆ, ಮಾತು ದಿನಾ ಬೇಕು.

ಇನ್ನು ಕೆಲವರು ಇದ್ದಾರೆ. ಅವರ ಬಗ್ಗೆ ನನಗೆ ವಿಶೇಷ ಕಾಳಜಿ. ಸಣ್ಣ ಊರಿನಲ್ಲಿ ಎಲ್ಲರ ಕಣ್ಣೂ ತಮ್ಮ ಮೇಲೇ ಇದೆ ಅಂತ ಉಸಿರುಕಟ್ಟಿದವರು. ಯಾವ ಬಟ್ಟೆ ಹಾಕಿದೆ, ಎಷ್ಟು ಹೊತ್ತಿಗೆ ಬಂದೆ, ಯಾಕೆ ಇನ್ನೂ ಮದುವೆ ಆಗಿಲ್ಲ ಅಂತ ಉತ್ತರ ಕೊಟ್ಟು ಸಾಕಾದವರು. ‘ಅಲ್ಲಿ ಯಾರೂ ನಿನ್ನನ್ನು ಕೇಳೋರಿಲ್ಲ’ ಅಂತ ಹೊರಗಿನವರು ಹೆದರಿಸುತ್ತಾರಲ್ಲ, ಇವರಿಗೆ ಬೇಕಾಗಿರುವುದೇ ಅದು. ಬೇರೆಯವರಿಗೆ ಒಂಟಿತನವಾಗುವ ಅದೇ ಗುಣ ಇವರಿಗೆ ಬಿಡುಗಡೆ. ಇವರು ಕೇಳಬೇಕಾದ್ದು ಅದೇ ಕಾರಣಕ್ಕೆ ಹೋದವರನ್ನು ಮಾತ್ರ. ‘ಬಾಡಿಗೆ ಮನೆ ಕೊಡುವಾಗ ಏನೇನು ಕೇಳಿದರು? ಅಕ್ಕಪಕ್ಕದವರು ಹೇಗೆ?’ ಇಷ್ಟು ವಿಚಾರಿಸಿದರೆ ಸಾಕು.

ಗಂಡ ಹೆಂಡತಿ ಹೊರಡುತ್ತಿದ್ದು ಕೆಲಸ ಒಬ್ಬರಿಗೇ ಇದ್ದರೆ ಇಬ್ಬರೂ ಬೇರೆ ಬೇರೆಯಾಗಿ ವಿಚಾರಿಸಿ. ಕೆಲಸಕ್ಕೆ ಹೋಗುವವರಿಗೆ ಮೊದಲ ದಿನದಿಂದಲೇ ಹತ್ತು ಜನ ಸಿಗುತ್ತಾರೆ. ಮನೆಯಲ್ಲಿ ಉಳಿಯುವವರಿಗೆ ನಗರ ಅಂದರೆ ಬೆಳಗ್ಗೆ ಒಂಬತ್ತರಿಂದ ಸಂಜೆ ಎಂಟರವರೆಗೆ ನಾಲ್ಕು ಗೋಡೆ ಆಗಿಬಿಡಬಹುದು. ಒಬ್ಬರು ಮಾತ್ರ ಹೋಗಿ ಇದ್ದು ನೋಡಲು ಸಾಧ್ಯ ಅಂದರೆ, ಹಗಲು ಮನೆಯಲ್ಲಿ ಇರಬೇಕಾದವರೇ ಹೋಗಿ ನೋಡಲಿ. ಮನೆ ಆರಿಸುವಾಗಲೂ ಕೊನೆಯ ಮಾತು ಅವರದೇ ಇರಲಿ.